ತುಟಿಯಾಡಿಸುವ ಬ್ಯಾರಿಟೋನ್

ಎಲ್ಡನ್ ಕ್ರೌಸನ ಕಷ್ಟ ಶುರುವಾದದ್ದು ಒಂದು ತಟ್ಟೆ ಮೊಟ್ಟೆಯ ಮುಂದೆ. ಮಂಗಳವಾರ ಬೆಳಿಗ್ಗೆ ತಾನು ಓಡಿಸುವ ಶಾಲೆಯ ಬಸ್ಸು ನಿಲ್ಲಿಸಿ ಬಂದು ಊರಿನ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದ. ಎದುರಿಗೆ ಬಂದು ಕುಳಿತ ಹಾಡಿನ ಮೇಳದ ಗೆಳೆಯ ಗಸ್, ಅವನ ತಟ್ಟೆಯಿಂದಲೇ ಒಂದು ಸಾಸೇಜ್ ಎತ್ತಿಕೊಂಡ.

"ಸುದ್ದಿ ಗೊತ್ತಾಯ್ತೇನೋ? ಶನಿವಾರ ಸ್ಪರ್ಧೆ ಅಲ್ವಾ, ಅದಕ್ಕೆ ಹಾರ್ಲನ್ ಇವತ್ತು ಸಂಜೆ ಮೇಳದ ನಾಲ್ಕ್ನಾಲ್ಕು ಜನಾನ ಎದುರಿಗೆ ನಿಲ್ಲಿಸಿ ಹಾಡಿಸ್ತಾನಂತೆ. ಒಂದು ದನಿಗೆ ಒಬ್ಬನೇ. ದನಿಗಳು ಕೂಡಿದಾಗ ಗಾಳೀನೇ ಗುಂಯ್ ಅನ್ನಬೇಕಂತೆ. ಇಲ್ಲದಿದ್ರೆ ಟೋಪಿ ವಾಪಸ್ ಕೊಟ್ಟು ಮನೆಗೆ."

ಎಲ್ಡನ್ ತಟ್ಟೆಯನ್ನೇ ಗಸ್‌ನತ್ತ ಸರಿಸಿದ.

ಊರಿನ ಮೇಳದ್ದು ಬಾರ್ಬರ್‌ಶಾಪ್ ಎಂಬ ಶೈಲಿಯ ಹಾಡುಗಾರಿಕೆ, ವಾದ್ಯಗಳಿಲ್ಲ. ಟೆನರ್, ಲೀಡ್, ಬ್ಯಾರಿಟೋನ್, ಬೇಸ್ ಎಂಬ ನಾಲ್ಕು ದನಿಗಳನ್ನು ಜಡೆಯಂತೆ ಹೆಣೆಯುವುದೇ ಹಾಡು. ಎಲ್ಡನ್‌ನದು ನಡುವಿನ ದನಿ, ಬ್ಯಾರಿಟೋನ್. ಪಟ್ಟೆ ಪಟ್ಟೆ ವೇಸ್ಟ್‌ಕೋಟು, ಹುಲ್ಲಿನ ಟೋಪಿ ತೊಟ್ಟು ಎರಡನೇ ಸಾಲಿನಲ್ಲಿ ನಿಂತು, ಬಾಯನ್ನು ಎಲ್ಲರಿಗಿಂತ ಅಗಲ ತೆರೆಯುತ್ತಿದ್ದ. ಸದ್ದು ಮಾತ್ರ ಬರುತ್ತಿರಲಿಲ್ಲ. ಸೇರಿದ ಹೊಸತರಲ್ಲಿ ಒಮ್ಮೆ ಅವನು ದನಿ ತೆಗೆದಾಗ, ಮೇಳ ನಡೆಸುವ ಹಾರ್ಲನ್ ಹಲ್ಲುನೋವು ಬಂದವನಂತೆ ಮುಖ ಕಿವುಚಿ ಆ ಸಾಲಿನತ್ತ ನೋಡಿದ್ದ. ಅಂದಿನಿಂದ ಎಲ್ಡನ್ ಬರೀ ತುಟಿ ಆಡಿಸುತ್ತಿದ್ದ. ಬಿಟ್ಟುಬಿಡಬಹುದಿತ್ತು. ಆದರೆ ಹೆಂಡತಿ ತೀರಿದ ಮೇಲೆ ಅವನ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಒಂದನ್ನು ಬಿಟ್ಟರೆ ಬೇರೆ ದನಿಯಿಲ್ಲ. ವಾರಕ್ಕೊಂದು ಸಂಜೆ ಅಷ್ಟು ಜನರ ಹಾಡಿನ ನಡುವೆ ನಿಂತರೆ ಎದೆಯೊಳಗೆ ಏನೋ ಮತ್ತೆ ಅದುರುತ್ತಿತ್ತು. ಅದೂ ಹೋದರೆ?

"ನಂಗೆ ಗಂಟಲು ಕಟ್ಟಿದೆ ಕಣೋ," ಎಂದು ಪಿಸುಗುಟ್ಟಿದ.

ಗಸ್‌ಗೆ ಹೇಳಿದರೆ ಊರಿಗೇ ಡಂಗುರ ಹೊಡೆಸಿದಂತೆ. ಮಧ್ಯಾಹ್ನಕ್ಕೆ ಪಕ್ಕದ ಮನೆಯ ವರ್ನಾ ಉಪ್ಪಿನಕಾಯಿ ಜಾಡಿ ಹಿಡಿದು ಅಡುಗೆಮನೆಗೇ ನುಗ್ಗಿದಳು.

"ಬಾಯಿ ತೆಗಿ. ಈ ಹುಳಿನೀರು ಕುಡಿದೇ ನಮ್ಮೆಜಮಾನ್ರು ಸಂತೇಲಿ ದನದ ಹರಾಜು ಕೂಗ್ತಿದ್ರು."

"ಅವರು ತೀರಿಹೋದ್ರಲ್ಲ, ವರ್ನಾ."

"ಗಂಟಲಿಂದ ಅಲ್ವಲ್ಲ. ಕುಡಿ."

ಸಂಜೆ ಗಸ್ ಬಂದು, ಗಂಟಲಿಗೆ ಮದ್ದೆಂದು ಹಂದಿಕೊಬ್ಬು ಸವರಿದ ಉಣ್ಣೆಯ ಕಾಲುಚೀಲವೊಂದನ್ನು ಅವನ ಕುತ್ತಿಗೆಗೆ ಬಿಗಿದು, ಟ್ರಕ್ಕಿಗೆ ಹತ್ತಿಸಿದ. ದಾರಿಯುದ್ದಕ್ಕೂ ಎಲ್ಡನ್ ಹಬ್ಬದ ಹಿಂದಿನ ದಿನದ ಕುರಿಯಂತೆ ಕಿಟಕಿಯಾಚೆ ನೋಡುತ್ತಿದ್ದ.

ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರು ಆಗಲೇ ಟೋಪಿ ಒಪ್ಪಿಸಿ, ಮೂಲೆಯಲ್ಲಿ ತಣ್ಣನೆಯ ಕಾಫಿ ಹಿಡಿದು ಕೂತಿದ್ದರು. ಎಲ್ಡನ್‌ನ ಸರದಿ ಬಂತು. ಬೇಸ್‌ಗೆ ಗಸ್, ಟೆನರ್ ಮತ್ತು ಲೀಡ್‌ಗೆ ಶುಲ್ಟ್ಸ್ ಅವಳಿ ಸೋದರರು. ಹಾರ್ಲನ್ ಶ್ರುತಿಯ ಪೀಪಿ ಊದಿದ.

ಎಲ್ಡನ್ ನಿಜಕ್ಕೂ ಹಾಡಲು ನೋಡಿದ. ಹುಳಿನೀರಿನ ವಾಸನೆಯ ಗಾಳಿಯೊಂದೇ ಹೊರಬಂತು. ಮೂವರ ಹಾಡು ಕೊನೆಯ ಸಾಲಿಗೆ ಬಂದಾಗ, ತಾನು ಹಿಡಿಯಬೇಕಿದ್ದ ಸ್ವರವೇ ಎಲ್ಲಿಂದಲೋ ಕೇಳಿಸಿತು. ಗುಂಡಗೆ, ಅಲುಗದೆ, ದನಿಗಳ ನಡುವೆ ಬಂದು ಕೂತಿತು. ಅವನ ಮೈಯೆಲ್ಲ ಮುಳ್ಳೆದ್ದಿತು. ಬಾಯಿ ಮುಚ್ಚಲೂ ಹೆದರಿಕೆ.

ಹಾಡು ನಿಂತಿತು. ಹಾರ್ಲನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಗಾಳಿ ಗುಂಯ್ ಅಂದಿದ್ದು ಕೇಳಿಸ್ತಾ ಎಲ್ರಿಗೂ? ಎಲ್ಡನ್, ಇಷ್ಟು ವರ್ಷ ಎಲ್ಲಪ್ಪಾ ಬಚ್ಚಿಟ್ಟಿದ್ದೆ ಇದನ್ನ?"

"ಕಾಲುಚೀಲ ನನ್ನದು," ಎಂದ ಗಸ್.

ಎಲ್ಡನ್‌ನ ಕಣ್ಣು ಪಕ್ಕದ ಅಡುಗೆಕೋಣೆಯತ್ತ ಹೊರಳಿತು. ತೆರೆದ ಬಾಗಿಲ ಹಿಂದೆ ಚರ್ಚಿನ ಹಳೆಯ ಫ್ರಿಜ್ಜು ಇನ್ನೂ ಅದೇ ಸ್ವರ ಹಿಡಿದು ನಿಂತಿತ್ತು.

"ಹಾರ್ಲನ್... ಅದು ನಾನಲ್ಲ."

"ದೊಡ್ಡ ಹಾಡುಗಾರರೆಲ್ಲ ಹೀಗೇ ಹೇಳೋದು. ನೋಡು, ಶನಿವಾರ ಹಾಡಿನ ಕೊನೇಲಿ ಎಲ್ಲರೂ ನಿಲ್ಲಿಸ್ತಾರೆ. ನಿನ್ನ ಸ್ವರ ಒಂದೇ ಉಳೀಬೇಕು, ಒಂಟಿಯಾಗಿ. ಎಲ್ಲಿ, ಈಗೊಂದ್ಸಲ."

ಪೀಪಿ ಊದಿ ಕೈಯೆತ್ತಿದ. ಮೇಳವೆಲ್ಲ ಎಲ್ಡನ್‌ನತ್ತ ತಿರುಗಿತು. ಎಲ್ಡನ್ ಎಂದಿನಂತೆ ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆದ.

ಅಡುಗೆಕೋಣೆಯಲ್ಲಿ ಫ್ರಿಜ್ಜು ಒಮ್ಮೆ ಮೈ ಕೊಡವಿ, ಟಕ್ ಎಂದು ಸುಮ್ಮನಾಯಿತು.