ಹೊಳೆಗೆ ಮಾರ್ಕ್ಸ್ ಕೊಟ್ಟ ನಮ್ಮ ಮಾವ

ದೇವಸ್ಥಾನಕ್ಕೆ ಹೋದರೆ ಎಲ್ಲರೂ ದೇವರಿಗೆ ಕೈ ಮುಗಿಯುತ್ತಾರೆ. ನಮ್ಮ ಮಾವನವರು ಕಂಬ ತಟ್ಟುತ್ತಾರೆ! ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು ಕೇಳಿ, "ಒಳಗೆ ಸೀಳು ಐತೆ" ಎಂದು ತೀರ್ಪು ಕೊಡುತ್ತಾರೆ. ಒಂದು ಹಳ್ಳಿಯ ಪೂಜಾರಿಯವರು ಈ ತೀರ್ಪು ಕೇಳಿದ ಮೇಲೆ ಆ ಕಂಬದ ಪಕ್ಕ ನಿಂತು ಮಂಗಳಾರತಿ ಕೊಡುವುದನ್ನೇ ಬಿಟ್ಟಿದ್ದಾರೆ.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಗುಬ್ಬಿಯಲ್ಲಿ ಜೀವನವಿಡೀ ಒರಳುಕಲ್ಲು ಕೆತ್ತಿದವರು. ಮಿಕ್ಸಿ ಬಂದು ವ್ಯಾಪಾರ ಹೋಯಿತು, ಗತ್ತು ಹೋಗಲಿಲ್ಲ. ಶಿರಾ ಗೇಟ್‌ನಲ್ಲಿ ಒಂದು ಒಳ್ಳೆಯ ಚಪ್ಪಡಿ ಕಂಡರೆ ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ. ಆಟೋದವರ ಬೈಗುಳವೆಲ್ಲ ನನ್ನ ಪಾಲಿಗೆ!

ನಾವು ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿಸಿದಾಗ, "ಗೃಹಪ್ರವೇಶಕ್ಕೆ ನನ್ ಕೈಯಿಂದಾನೇ ಒಂದು ಒರಳು" ಎಂದು ಮಗಳಿಗೆ ಮಾತು ಕೊಟ್ಟಿದ್ದರು. ಗೃಹಪ್ರವೇಶವಾಗಿ ಎರಡು ಯುಗಾದಿ ಕಳೆದವು. ಅರ್ಧ ಗುಳಿ ತೋಡಿದ ಕಲ್ಲು ಅವರ ಹಿತ್ತಿಲಲ್ಲೇ ಕೂತಿತ್ತು. ಕೇಳಿದರೆ ತಪ್ಪೆಲ್ಲ ಕಲ್ಲಿನದೇ. ಬೇಸಿಗೆಯಲ್ಲಿ "ಕಲ್ಲು ಗಡುಸಾಗೈತೆ", ಮಳೆಗಾಲದಲ್ಲಿ "ಮೊಂಡು ಹಿಡಿದೈತೆ". ಚಳಿಗಾಲದಲ್ಲಿ, ಪಾಪ, ಕಲ್ಲಿಗೆ ನೆಗಡಿಯೂ ಆಗಿತ್ತೋ ಏನೋ!

ನಿಜ ನಮಗೆ ಗೊತ್ತಿತ್ತು. ಅವರ ಬಲಗೈ ನಡುಗುತ್ತಿತ್ತು. ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಗೆ. ತಡ ಮಾಡಿದಷ್ಟೂ ಕಷ್ಟ, ಬೇಗ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಆದರೆ ಆಸ್ಪತ್ರೆಯ ಸುದ್ದಿ ಎತ್ತಿದರೆ ಸಾಕು, "ನನ್ ಕೈಗೇನಾಗೈತೆ? ಕಲ್ಲು ಸರಿ ಇಲ್ಲ ಅಂದ್ನಲ್ಲ!" ಎಂದು ಎದ್ದು ಹೋಗುತ್ತಿದ್ದರು. ಹೆಂಡತಿ ಒಳಗೊಳಗೇ ಕೊರಗುತ್ತಿದ್ದಳು.

"ಎಲ್ಲಾದ್ರೂ ಕರ್ಕೊಂಡು ಹೋಗಾಣ ಕಣ್ರೀ, ಮನಸ್ಸಾದ್ರೂ ಮೆತ್ತಗಾಗ್ಲಿ" ಎಂದಳು ಒಂದು ದಿನ. ಇಂಥವರನ್ನು ಕಲ್ಲಿರುವ ಕಡೆಗಲ್ಲದೆ ಇನ್ನೆಲ್ಲಿಗೆ ಕರೆದೊಯ್ಯುವುದು? ಕಾರು ಮಾಡಿಕೊಂಡು ಮೇಕೆದಾಟಿಗೆ ಹೊರಟೆವು.

ಕುಣಿಗಲ್‌ನಲ್ಲಿ ತಿಂಡಿಗೆ ನಿಲ್ಲಿಸಿದೆವು. ಚಟ್ನಿ ನಾಲಿಗೆಗೆ ತಾಗಿದ್ದೇ ತಡ, "ಮಿಕ್ಸಿ!" ಎಂದು ಕೂಗಿದರು. ಸಪ್ಲೈಯರ್ ಬೆಚ್ಚಿಬಿದ್ದು, "ಚೇಂಜ್ ಮಾಡ್ಲಾ ಸಾರ್?" ಎಂದ.

"ಚಟ್ನಿ ಅಲ್ಲಪ್ಪ, ಮಿಕ್ಸಿ ಚೇಂಜ್ ಮಾಡು!" ಎಂದವರು ಅದೇ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದರು.

ಸಂಗಮದಲ್ಲಿ ಕಾರು ಬಿಟ್ಟು ಹೊಳೆ ದಾಟಿ, ಕಾಡಿನ ದಾರಿಯಲ್ಲಿ ಅಲ್ಲಿಯ ಬಸ್ಸಿನಲ್ಲಿ ಕುಲುಕಿಕೊಂಡು ಹೋದೆವು. ಬಸ್ಸಿನವರೆಲ್ಲ ಆನೆ ಕಂಡೀತೇ ಎಂದು ಒಂದು ಕಡೆ ವಾಲಿದ್ದರೆ, ಮಾವ ಇನ್ನೊಂದು ಕಡೆಯ ಕಿಟಕಿಯಲ್ಲಿ ಬಂಡೆಗಳ ಗುಣಗಾನ ಮಾಡುತ್ತಿದ್ದರು.

ಮೇಕೆದಾಟಿನಲ್ಲಿ ಕಾವೇರಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ಆ ಬಂಡೆಗಳ ತುಂಬ ಗುಂಡಗಿನ ಗುಳಿಗಳು, ಕೆಲವು ಗೇಣುದ್ದ, ಕೆಲವು ಆಳೆತ್ತರ. ಮಾವ ನಿಂತಲ್ಲೇ ನಿಂತರು. "ಅಯ್ಯೋ ಶಿವನೇ! ಇಷ್ಟೊಂದು ಒರಳು ಯಾರ್ ಹೊಡೆದವ್ರೆ?"

ಆಮೇಲೆ ಶುರುವಾಯಿತು ಪರೀಕ್ಷೆ. "ಇದು ಪಾಸು. ಇದರ ಬಾಯಿ ಸೊಟ್ಟ, ಫೇಲು. ಇದಕ್ಕೆ ಮೂವತ್ತೈದು ಕೊಡಬಹುದು." ಸೆಲ್ಫಿಗೆಂದು ಬಂದಿದ್ದ ಏಳೆಂಟು ಜನ ಇವರನ್ನು ಗೈಡ್ ಎಂದುಕೊಂಡು ಹಿಂದೆ ಬಿದ್ದರು! ಒಬ್ಬಳಂತೂ ನೋಟ್ಸ್ ಬರೆದುಕೊಳ್ಳುತ್ತಿದ್ದಳು.

"ಅಂಚಿಗೆ ಹೋಗ್ಬೇಡಿ ಯಜಮಾನ್ರೆ" ಎನ್ನುತ್ತಾ ಅಲ್ಲಿಯ ಕಾವಲುಗಾರರು ಬಂದರು. "ಇದನ್ನ ಯಾರೂ ಹೊಡೆದಿಲ್ಲ. ಗುಳಿಯೊಳಗೆ ಸಣ್ಣ ಕಲ್ಲು ಸಿಕ್ಕಾಕ್ಕೊಂಡು, ಸುಳಿ ನೀರಲ್ಲಿ ತಿರುಗಿ ತಿರುಗಿ ಹಿಂಗಾಗಿರೋದು."

ಮಾವ ಬಾಯಿ ಬಿಟ್ಟರು. "ನಾವು ಒರಳು ಮಾಡಿ ರುಬ್ತೀವಿ. ಹೊಳೆ ರುಬ್ಬಿ ರುಬ್ಬಿ ಒರಳು ಮಾಡೈತೆ!"

ಅವರ ಬಾಯಿಂದ ಪಾಸು ಫೇಲು ಹೊರಡುವುದು ಅಲ್ಲಿಗೆ ನಿಂತಿತು. ಒಂದು ಸೊಟ್ಟ ಗುಳಿಯ ಪಕ್ಕ ಕೂತು ಬಲಗೈಯನ್ನು ಅದರೊಳಗೆ ಇಳಿಬಿಟ್ಟು ಸವರಿದರು. ನಡುಗುವುದು ನಮಗೆಲ್ಲ ಕಾಣುತ್ತಿತ್ತು, ಮುಚ್ಚಿಕೊಳ್ಳಲಿಲ್ಲ. ಮಗಳು ಹೋಗಿ ಪಕ್ಕದಲ್ಲಿ ಕೂತಳು.

"ಒಂದೂ ನೆಟ್ಟಗಿಲ್ಲ ಕಣವ್ವ" ಎಂದರು. "ಆದ್ರೂ ಎಷ್ಟು ಚೆಂದಾಗೈತೆ ನೋಡು."

"ಹೂಂನಪ್ಪ."

ಗುಳಿಯ ಅಂಚನ್ನು ಮತ್ತೊಮ್ಮೆ ಸವರಿ, "ಕಲ್ದೇನೂ ತಪ್ಪಿಲ್ಲ ಕಣವ್ವ. ನನ್ ಕೈಯೇ ನಿಲ್ತಿಲ್ಲ" ಎಂದರು. "ನಿನ್ ಮನೆಗೆ ಸೊಟ್ಟ ಒರಳು ಹೆಂಗವ್ವ ಕೊಡ್ಲಿ?"

"ಸೊಟ್ಟಾನೇ ಕೊಡಪ್ಪ" ಎಂದು ಅವಳು ಅಳತೊಡಗಿದಳು.

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೇನೆ. ಎಷ್ಟು ಹೆದರಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮಾವ ತಲೆಯೆತ್ತಿ ನನ್ನನ್ನು ನೋಡಿದರು.

"ಅಳಿಯಂದ್ರೆ, ನಾಳೆ ಆ ಡಾಕ್ಟ್ರ ಹತ್ರ ಕರ್ಕೊಂಡೋಗಿ."

ಏಳಲು ಕೈ ಚಾಚಿದರು. ಮಗಳ ಕೈಯನ್ನು ನನ್ನ ಕೈಗಿಟ್ಟ ಧಾರೆಯ ದಿನ ಬಿಟ್ಟರೆ ನಾನು ಆ ಕೈ ಮುಟ್ಟಿದ್ದೇ ಇಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ಹತ್ತಿಸುವವರೆಗೂ ಬಿಡಲಿಲ್ಲ.