ದೊರೆಯ ಪಿಯೋನಿಯ ಬಣ್ಣ

ಕಾಫಿ ಗಿಡ ನೆಡುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವ. ಹೀಗಿರುವಾಗ ಒಂದು ಹೂಗಿಡ ಯಾವ ಲೆಕ್ಕ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಮ್ಮತ್ತಿ ಹತ್ತಿರ ಇಂಗ್ಲಿಷ್ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ನಾನು ಆಳುಕಾಳಿನ ಲೆಕ್ಕ ನೋಡುವ ರೈಟರ್. ದೊರೆ ತೀರಿಕೊಂಡ ಮೇಲೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆಸಾನಿ ಒಂದು ಗಿಡವನ್ನು ನನ್ನ ಕೈಗಿಟ್ಟರು. ಪಿಯೋನಿ ಎಂಬ ಸೀಮೆಯ ಹೂಗಿಡವಂತೆ. ಮರದಂತೆ ಕಡ್ಡಿ ಬಲಿಯುವ ಪಿಯೋನಿಗೂ, ಚಳಿಗೆ ನೆಲಮಟ್ಟಕ್ಕೆ ಒಣಗಿ ಮತ್ತೆ ಚಿಗುರುವ ಪಿಯೋನಿಗೂ ದೊರೆ ತಾವೇ ಗಂಟುಹಾಕಿ ಮಾಡಿದ ಮಿಶ್ರತಳಿ. ಹಳದಿ ಹೂ ಬಿಡುತ್ತದೆ ಎನ್ನುತ್ತಲೇ ಇದ್ದವರು, ಮೊದಲ ಮೊಗ್ಗು ಕಾಣುವ ಮುಂಚೆಯೇ ಹೋಗಿಬಿಟ್ಟಿದ್ದರು. ಹೂವಿನ ಬಣ್ಣ ತಿಳಿಸಿ ಒಂದು ಕಾಗದ ಬರೆಯಬೇಕು, ದೊರೆಸಾನಿ ಕೇಳಿದ್ದು ಅಷ್ಟೇ. ಬೇರಿನ ಮೊಳಕೆ ಎರಡು ಬೆರಳಿಗಿಂತ ಆಳ ಹೋಗಬಾರದು, ಬಿಸಿಲು ಬೇಕು, ನೀರು ನಿಲ್ಲಬಾರದು ಎಂದು ಮೂರು ಸಲ ಹೇಳಿದರು. ನಾನು ಮೂರು ಸಲ ತಲೆಯಾಡಿಸಿದೆ.

ತಲೆಯಾಡಿಸಿದ್ದು ಸೌಜನ್ಯಕ್ಕೆ. ರೈಟರಾದವನು ಎರಡು ಬೆರಳಿನ ಗುಂಡಿ ತೋಡಿದರೆ ಕೂಲಿ ಲೈನಿನ ಆಳುಗಳು ನಗುವುದಿಲ್ಲವೇ? ಮನೆಯ ಹಿಂದೆ, ಕಾಫಿಗೆ ತೋಡುವಂತೆ ಒಂದೂವರೆ ಅಡಿ ಗುಂಡಿ ತೋಡಿಸಿ ಗಿಡವನ್ನು ಶಾಸ್ತ್ರೋಕ್ತವಾಗಿ ಇಳಿಸಿದೆ. ನೆರಳಿಗೆಂದು ಪಕ್ಕದಲ್ಲಿ ಹಾಲುವಾಣ ಮರದ ಗೂಟ ನೆಟ್ಟೆ. ಮೇಲೆ ದಪ್ಪಗೆ ಒಣ ಎಲೆಯ ದರಗು ಹೊದಿಸಿದೆ. ಮಳೆಗಾಲ ಬಂತು. ಗೂಟ ಚಿಗುರಿತು! ಪಿಯೋನಿ ಚಿಗುರಲಿಲ್ಲ.

ಒಣಗಿ ಚಿಗುರುವ ಜಾತಿಯಲ್ಲವೇ ಎಂದು ಚಳಿಗಾಲವಿಡೀ ಕಾದೆ. ಕೊನೆಗೆ ಅಗೆದರೆ ಬೇರು ಕೊಳೆತ ಗೆಣಸಿನಂತೆ ಕೈಗೆ ಬಂತು. ನನಗೆ ನಿಜಕ್ಕೂ ಅಳು ಬಂತು. ಹೆಂಡತಿ ಸರೋಜ ಹಿಂದೆಯೇ ನಿಂತಿದ್ದಳು.

“ಎರಡು ಬೆರಳು ಅಂದಿದ್ರಲ್ಲ ಅಮ್ಮೋರು. ನೀವು ಸತ್ತ ನಾಯಿ ಹೂಳೋ ಹಂಗೆ ಹೂತಿದ್ದೀರಿ” ಎಂದಳು.

ಅಷ್ಟರಲ್ಲಿ ಇಂಗ್ಲೆಂಡಿನಿಂದ ದೊರೆಸಾನಿಯ ಕಾಗದ ಬಂತು. ಹೂವಾಯಿತೇ, ಬಣ್ಣ ಯಾವುದು ಎಂದು ಕೇಳಿದ್ದರು. ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದಳು ಸರೋಜ. ನಾನು ಮೂರು ಹಾಳೆ ಹರಿದು ಹಾಕಿದೆ. ಗಂಡನನ್ನು ಕಳೆದುಕೊಂಡ ಮುದುಕಿಗೆ ಸಮಾಧಾನವಾಗಲಿ ಎಂದು, ತಟ್ಟೆಯಗಲದ ಹೂವಾಗಿದೆ, ದೊರೆಯವರು ಹೇಳಿದಂತೆಯೇ ಅಪ್ಪಟ ಹಳದಿ ಎಂದು ಬರೆದುಬಿಟ್ಟೆ.

ಎರಡು ತಿಂಗಳಿಗೆ ಉತ್ತರ ಬಂತು. ಹಳದಿ ಎಂದು ದೊರೆ, ಕೆಂಪು ಎಂದು ದೊರೆಸಾನಿ ವರ್ಷಗಟ್ಟಲೆ ವಾದ ಮಾಡಿದ್ದರಂತೆ. ಅದೇ ಹಟದಲ್ಲಿ ದೊರೆಯ ಕೊನೆಯ ಎರಡು ದಿನ ದೊರೆಸಾನಿ ಅವರೊಡನೆ ಮಾತೇ ಆಡಿರಲಿಲ್ಲವಂತೆ. ನಿಮ್ಮ ಕಾಗದ ಓದಿದ ಮೇಲೆ ನನ್ನ ಗಂಡನ ಫೋಟೋದ ಮುಂದೆ ಕೂತು ಕ್ಷಮೆ ಕೇಳಿದೆ ಎಂದು ಬರೆದಿದ್ದರು.

ಒಂದು ದಳವನ್ನೂ ಕಾಣದ ಘನ ನ್ಯಾಯಾಧೀಶ ನಾನು ಗಂಡ ಹೆಂಡಿರ ವ್ಯಾಜ್ಯಕ್ಕೆ ತೀರ್ಪು ಕೊಟ್ಟಿದ್ದೆ. ಕಾಗದವನ್ನು ಸರೋಜಳಿಗೆ ಓದಿ ಹೇಳಿದೆ.

“ಅವ್ರು ಕ್ಷಮೆ ಕೇಳಾಯ್ತು. ಇನ್ನು ನೀವು ಯಾರ ಹತ್ರ ಕೇಳ್ತೀರಿ?” ಎಂದಳು.

ಕೇಳೋಣವೆಂದರೆ ದೊರೆ ಇರಲಿಲ್ಲ. ಗಿಡವೂ ಇರಲಿಲ್ಲ.