ಪುಂಡಿಪಲ್ಯೆಗೆ ದನದ ಡಾಕ್ಟರ ಸರ್ಟಿಫಿಕೇಟು

ಕೆಂಪುಗುಡ್ಡ ಮಿನರಲ್ಸ್ ಕಂಪನಿಯ ಸಂಡೂರು ವಸತಿ ಬಡಾವಣೆಯಲ್ಲಿ ಅತಿ ಹೆಚ್ಚು ಮಾಂಸ ತಿನ್ನುವ ಕುಟುಂಬವು ಕ್ವಾರ್ಟರ್ಸ್ ನಂಬರ್ ನಲವತ್ತೇಳರಲ್ಲಿ ವಾಸವಾಗಿದೆ ಎಂಬುದು ಶ್ರಾವಣ ಮಾಸದ ಮೂರನೇ ವಾರದಲ್ಲಿ ಅಧಿಕೃತವಾಗಿ ಸಾಬೀತಾಯಿತು. ಆ ಮನೆಯೊಳಗೆ ಆಗ ಹದಿನೆಂಟು ದಿನಗಳಿಂದ ಒಂದು ಮೊಟ್ಟೆಯೂ ಕಾಲಿಟ್ಟಿರಲಿಲ್ಲ. ಡಂಪರ್ ಡ್ರೈವರ್ ಹುಲುಗಪ್ಪನ ಮನೆ ಅದು. ಶ್ರಾವಣ ಬಂತೆಂದರೆ ಅವನ ಹೆಂಡತಿ ತುಳಸಿ ಕೋಳಿ ಬೇಯಿಸುವ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಏರಿಸಿಬಿಡುವವಳು; ಅತ್ತೆ ಹೊಳೆಮ್ಮ ಆ ತಿಂಗಳು ಕೋಳಿಯ ಹೆಸರನ್ನೂ ಬಾಯಲ್ಲಿ ತರುವವಳಲ್ಲ. ಆದರೂ ಸಾಬೀತಾಯಿತು. ಯಾಕೆಂದರೆ ಫಾರಂ ಹಾಗಿತ್ತು.

‘ಮಕ್ಕಳಿರುವ ಕುಟುಂಬಗಳಿಗೆ ಸರಳ ಸಸ್ಯಾಹಾರ ಪರಿಚಯಿಸುವ ಅಭಿಯಾನ’ ಎಂದು ಮೇಲಿನ ಆಫೀಸಿನಿಂದ ಸುತ್ತೋಲೆ ಬಂದಿತ್ತು. ಜೊತೆಗೆ ಅರವತ್ತೆರಡು ಅನುಮೋದಿತ ಸಸ್ಯಾಹಾರಗಳ ಪಟ್ಟಿ. ಪಟ್ಟಿ ಮಾಡಿದ ಮಹಾನುಭಾವರು ಜೋಳದ ರೊಟ್ಟಿಯನ್ನು ಕಂಡವರಲ್ಲ, ಹುಳಿಸೊಪ್ಪಿನ ಪುಂಡಿಪಲ್ಯೆಯ ಹೆಸರು ಕೇಳಿದವರಲ್ಲ; ಬ್ರೊಕೊಲಿಗೆ ಮಾತ್ರ ಮೂರು ಕಡೆ ಜಾಗ ಕೊಟ್ಟಿದ್ದರು. ಫಾರಮಿನಲ್ಲಿದ್ದದ್ದು ಎರಡೇ ಕಾಲಂ: ಒಂದು ಅನುಮೋದಿತ ಸಸ್ಯಾಹಾರ, ಇನ್ನೊಂದು ಮಾಂಸಾಹಾರ. ನಿಯಮ ಒಂಬತ್ತರ ಪ್ರಕಾರ ಮೊದಲನೆಯದರಲ್ಲಿ ಬಾರದ ಪದಾರ್ಥವನ್ನು ಎರಡನೆಯದರಲ್ಲಿ ನಮೂದಿಸತಕ್ಕದ್ದು.

ಸಮೀಕ್ಷೆಗೆ ಬಂದವರು ಕಂಪನಿಯ ಕಲ್ಯಾಣಾಧಿಕಾರಿ ಸಿದ್ದಲಿಂಗೇಶ್, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು. ಬಂದದ್ದು ಊಟದ ಹೊತ್ತು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ತುಳಸಿಯದಲ್ಲ. ಸಾಹೇಬರು ಮೂರು ಬಿಸಿ ರೊಟ್ಟಿ ಮುಗಿಸಿ, ಪುಂಡಿಪಲ್ಯೆಯನ್ನು ಎರಡು ಸಲ ಹಾಕಿಸಿಕೊಂಡು, ತಮ್ಮ ಅವ್ವನ ಕೈಯ ರುಚಿಯೇ ಬಂದಿದೆ ಎಂದು ಹೊಗಳಿ, ಕೈ ತೊಳೆದು ಫಾರಂ ಬಿಡಿಸಿದರು. ವಾರದ ಹದಿನಾಲ್ಕು ಊಟದ ವಿವರ ಕೇಳಿ ಬರೆದುಕೊಂಡರು. ತುಳಸಿ ಹತ್ತನೇ ಕ್ಲಾಸು ಓದಿದವಳು, ಬಗ್ಗಿ ನೋಡಿದಳು. ಹದಿನಾಲ್ಕೂ ಎರಡನೇ ಕಾಲಮಿನಲ್ಲಿದ್ದವು.

“ಸರ, ನೀವೀಗ ಉಂಡಿದ್ದು ಏನ್ರಿ?” ಎಂದು ಅವಳು ಮೆಲ್ಲಗೆ ಕೇಳಿದಳು.

“ಪುಂಡಿಪಲ್ಯೆ ರೀ. ಭಾಳ ಚಲೋ ಆಗಿತ್ತು.”

“ಮತ್ತ ಇಲ್ಲಿ ಮಾಂಸ ಅಂತ ಬರದೀರಲ್ಲ?”

“ನೋಡ್ರಿ ತುಳಸಮ್ಮ,” ಎಂದರು ಅವರು ಬಹಳ ಸಮಾಧಾನದಿಂದ, “ಉಣ್ಣಾಗ ಅದು ಪಲ್ಯೆ. ಬರಿಯಾಗ ನಿಯಮ ಒಂಬತ್ತು.”

ಹತ್ತು ದಿನಕ್ಕೆ ನೋಟಿಸು ಬಂತು. ನಲವತ್ತು ದಿನದೊಳಗೆ ಕುಟುಂಬವು ಸಸ್ಯಾಹಾರಕ್ಕೆ ಬರತಕ್ಕದ್ದು, ತಪ್ಪಿದರೆ ಕ್ವಾರ್ಟರ್ಸ್ ತೆರವು ಮಾಡತಕ್ಕದ್ದು. ಕ್ವಾರ್ಟರ್ಸ್ ಹೋದರೆ ಕಂಪನಿ ಶಾಲೆಯ ಸೀಟೂ ಹೋದ ಹಾಗೆ. ಏಳನೇ ಕ್ಲಾಸಿನಲ್ಲಿದ್ದ ಮಗಳು ದೇವಿಕಾ ಕ್ಲಾಸಿಗೇ ಮೊದಲು. ಆ ಹುಡುಗಿಯನ್ನು ಬಿಡಿಸುವ ಮಾತು ನೆನೆದರೇ ತುಳಸಿಗೆ ಅನ್ನ ಸೇರುತ್ತಿರಲಿಲ್ಲ. ಹುಲುಗಪ್ಪ ಎರಡು ದಿನ ಸಿಟ್ಟಿನಿಂದ ಕುದಿದ, ಮೂರನೇ ದಿನ ಡ್ಯೂಟಿಗೆ ಹೋದ. ಹೊಳೆಮ್ಮ ಮಾತ್ರ ನೋಟಿಸು ಓದಿಸಿ ಕೇಳಿ, ತಾನು ಎಪ್ಪತ್ತು ವರ್ಷ ತಿಂದದ್ದು ಯಾವ ಪ್ರಾಣಿ, ಅದರ ಮೂತಿಯಾದರೂ ಹೇಗಿರುತ್ತದೆ ಎಂದು ಓಣಿಗೆಲ್ಲ ಕೇಳುವಂತೆ ವಿಚಾರಿಸಿದಳು. ಓಣಿಯವರು ಬಾಗಿಲು ಹಾಕಿಕೊಂಡರು, ಪಾಪ, ಅವರ ಮನೆಯಲ್ಲೂ ಅದೇ ಬೆಂದಿತ್ತು.

ಮರುದಿನದಿಂದ ಅನುಮೋದಿತ ಊಟದ ಡಬ್ಬಿಗಳು ಬರತೊಡಗಿದವು. ಸರಬರಾಜುದಾರರು ಹೊಸಪೇಟೆಯವರು, ಜನರಲ್ ಮ್ಯಾನೇಜರರ ಹೆಂಡತಿಯ ತಮ್ಮ; ಪಟ್ಟಿಯ ಅರವತ್ತೆರಡೂ ಪದಾರ್ಥ ಅವರೊಬ್ಬರ ಹತ್ತಿರವೇ ಸಿಗುತ್ತಿದ್ದದ್ದು ಕಾಕತಾಳೀಯ. ಡಬ್ಬಿಯಲ್ಲಿ ಸೋಯಾ ಹಿಟ್ಟಿನಿಂದ ಕೋಳಿಕಾಲಿನ ಆಕಾರಕ್ಕೆ ಮಾಡಿದ ತುಂಡುಗಳು, ಎಲುಬಿನ ಜಾಗದಲ್ಲಿ ಒಂದೊಂದು ಕಟ್ಟಿಗೆ ಕಡ್ಡಿ. ಆರು ವರ್ಷದ ಮಗ ಗಿರೀಶ್ ಎರಡೇ ದಿನದಲ್ಲಿ ಕಡ್ಡಿ ಚೀಪುವುದನ್ನು ಕಲಿತ. ರೊಟ್ಟಿ ಮುರಿದು ಕೊಟ್ಟರೆ ತಟ್ಟೆ ನೂಕಿ, ಕಾಲು ಬೇಕು ಎಂದು ಅಳತೊಡಗಿದ. ಪ್ರಗತಿ ತೃಪ್ತಿಕರವಾಗಿದೆ ಎಂದು ಸಿದ್ದಲಿಂಗೇಶ್ ಷರಾ ಬರೆದರು.

ತುಳಸಿಗೆ ಇದನ್ನು ನೋಡಲಾಗಲಿಲ್ಲ. ಹಿತ್ತಲಲ್ಲಿದ್ದ ಪುಂಡಿ ಗಿಡವೊಂದನ್ನು ಬೇರು, ಮಣ್ಣು ಸಮೇತ ಕಿತ್ತು ಆಫೀಸಿಗೆ ಒಯ್ದು ಮೇಜಿನ ಮೇಲೆ ಇಟ್ಟಳು. ಇದು ತಪ್ಪಲು, ಸೊಪ್ಪು, ನೆಲದಾಗ ಬೆಳಿತೈತಿ, ಬೇಕಾದರ ಮುಟ್ಟಿ ನೋಡ್ರಿ ಎಂದಳು. ಸಿದ್ದಲಿಂಗೇಶ್ ಗಿಡಕ್ಕೆ ನಂಬರ್ ಹಚ್ಚಿ ಸ್ವೀಕೃತಿ ಕೊಟ್ಟರು. ಆದರೆ ಅಭಿಪ್ರಾಯ ಕೊಡುವ ಅಧಿಕಾರ ಅವರಿಗಿರಲಿಲ್ಲ. ದಾಖಲೆಯಲ್ಲಿ ಅದು ಮಾಂಸವಾದ್ದರಿಂದ ತಕರಾರು ದನದ ಡಾಕ್ಟರ ಹತ್ತಿರ ಹೋಗಬೇಕಿತ್ತು, ಹೋಯಿತು.

ಡಾಕ್ಟರರು ಕಂಪನಿಯ ಕಾವಲುನಾಯಿಗಳಿಗೆ ಸೂಜಿ ಹಾಕುವವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಅವರಿಗೆ ಕಳಿಸಿದ ಫಾರಮಿನಲ್ಲಿ ‘ಇದು ಸಸ್ಯವೇ?’ ಎಂಬ ಪ್ರಶ್ನೆ ಇರಲಿಲ್ಲ. ಇದ್ದ ಪ್ರಶ್ನೆಗಳಿಗೆ ಅವರು ಪ್ರಾಮಾಣಿಕವಾಗಿ ಉತ್ತರಿಸಿದರು: ‘ಒಪ್ಪಿಸಲಾದ ಮಾದರಿಯಲ್ಲಿ ನಾಡಿಬಡಿತ ಕಂಡುಬರಲಿಲ್ಲ. ಉಸಿರಾಟವಿಲ್ಲ. ಮೈಮೇಲೆ ಗಾಯಗಳಿಲ್ಲ, ಕೆಳಭಾಗಕ್ಕೆ ಮಣ್ಣು ಮೆತ್ತಿದೆ. ರೋಗಮುಕ್ತ. ತಿನ್ನಲು ಯೋಗ್ಯ.’ ಕೆಳಗೆ ಸಹಿ, ಸೀಲು.

ಅಲ್ಲಿಗೆ ಸಂಶಯವೇ ಉಳಿಯಲಿಲ್ಲ. ಮರುದಿನ ವಾಚ್‌ಮನ್ ಬಂದು, ಕ್ವಾರ್ಟರ್ಸ್ ಆವರಣದಲ್ಲಿ ಪ್ರಾಣಿ ಸಾಕುವುದು ನಿಷಿದ್ಧ ಎಂದು ಹಿತ್ತಲಿನ ಉಳಿದ ಪುಂಡಿಯನ್ನೆಲ್ಲ ಕಿತ್ತುಕೊಂಡು ಹೋದ.

ಮೂವತ್ತೊಂಬತ್ತನೆಯ ದಿನ ತುಳಸಿ ತಪ್ಪೊಪ್ಪಿಗೆ ಬರೆದುಕೊಟ್ಟಳು. ಬರೆಯುವಾಗ ಕಣ್ಣು ತುಂಬಿತ್ತು, ನಿಜ. ಆದರೆ ದೇವಿಕಾ ಪಕ್ಕದಲ್ಲೇ ಕೂತು ಶಾಲೆಯ ಲೆಕ್ಕ ಬಿಡಿಸುತ್ತಿದ್ದಳು. ಕ್ಯಾಂಟೀನ್ ಹಾಲಿನಲ್ಲಿ ಸಮಾರಂಭವಾಯಿತು. ತುಳಸಿ ಮೈಕಿನ ಮುಂದೆ ನಿಂತು, “ನಾನು ಅರಿಯದೆ ವರ್ಷಾನುಗಟ್ಟಲೆ ಪುಂಡಿಯನ್ನು ತಿಂದಿದ್ದೇನೆ, ಮಕ್ಕಳಿಗೂ ತಿನ್ನಿಸಿದ್ದೇನೆ. ಇನ್ನು ಮುಂದೆ ಸಸ್ಯಾಹಾರದಲ್ಲಿ ನಡೆಯುತ್ತೇನೆ” ಎಂದು ಓದಿದಳು. ಸಭೆ ಚಪ್ಪಾಳೆ ತಟ್ಟಿತು. ಜನರಲ್ ಮ್ಯಾನೇಜರರು ಪ್ರಮಾಣಪತ್ರ ಕೊಟ್ಟರು, ಅವರ ಭಾವಮೈದುನ ಶಾಲು ಹೊದಿಸಿದರು. ಕ್ವಾರ್ಟರ್ಸ್ ಉಳಿಯಿತು.

ಈಗ ಎಲ್ಲವೂ ಸುಗಮವಾಗಿದೆ. ಶ್ರಾವಣ ಎಂದೋ ಮುಗಿದಿತ್ತು, ಅಭಿಯಾನವೂ ಮುಗಿದು ಡಬ್ಬಿಗಳು ನಿಂತವು. ಗಿರೀಶನಿಗೆ ಮಾತ್ರ ಚೀಪಲು ಏನಾದರೂ ಬೇಕೇ ಬೇಕು, ಹೀಗಾಗಿ ನಂಬರ್ ನಲವತ್ತೇಳರಲ್ಲಿ ವಾರಕ್ಕೆ ನಾಲ್ಕು ದಿನ ಕೋಳಿ ಬೇಯುತ್ತದೆ. ಪ್ರಮಾಣಪತ್ರ ಪಡೆದ ಮನೆಯನ್ನು ಮತ್ತೆ ಪರೀಕ್ಷಿಸಲು ಸುತ್ತೋಲೆಯಲ್ಲಿ ಅವಕಾಶವಿಲ್ಲ. ಸಿದ್ದಲಿಂಗೇಶರ ಅವ್ವ ಪುಂಡಿ ಬೇಯಿಸಲು ಅಂಗಳದಲ್ಲಿ ಬೇರೆ ಒಲೆ ಹೂಡಿದ್ದಾಳೆ. ಮಗ ಕದ್ದು ಉಂಡು ಸ್ನಾನ ಮಾಡಿ ಒಳಗೆ ಬರುತ್ತಾರೆ. ಕಂಪ್ಲಿಯಿಂದ ತಪ್ಪಲು ತಂದು ಮಾರುವ ಎರ್ರೆಮ್ಮನಿಗೆ ಬಡಾವಣೆಯ ಸಂತೆಯಲ್ಲಿ ಮಟನ್ ಅಂಗಡಿಯ ಮಗ್ಗುಲಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಅವಳೂ ಪುಂಡಿ ಕಟ್ಟನ್ನು ಕಪ್ಪು ಕವರಿನಲ್ಲಿ ಹಾಕಿಯೇ ಕೊಡುತ್ತಾಳೆ.

ಮೊನ್ನೆ ತುಳಸಿ ಅತ್ತ ಹೋದಾಗ ಎರ್ರೆಮ್ಮ ಕರೆದಳು. ಎಳೇ ಪುಂಡಿ, ಮುಂಜಾನೆ ಕೊಯ್ದದ್ದು. ತುಳಸಿ ಒಂದು ಕ್ಷಣ ನಿಂತು ಆಸೆಯಿಂದ ನೋಡಿದಳು.

“ಬ್ಯಾಡ ಎರ್ರೆಮ್ಮ,” ಎಂದಳು. “ಇವತ್ತು ಸೋಮಾರ.”

“ಹೌದಲ್ಲ, ಮರ್ತಿದ್ದೆ ನೋಡವ್ವ,” ಎಂದಳು ಎರ್ರೆಮ್ಮ, ತಂಬಿಗೆಯ ನೀರಿನಲ್ಲಿ ಕೈ ತೊಳೆದುಕೊಳ್ಳುತ್ತ. “ನಾನೂ ಸೋಮಾರ ತಿನ್ನಂಗಿಲ್ಲ. ಮಾರತೀನಷ್ಟ.”